ಅಮೆರಿಕದಲ್ಲಿ ಒಮ್ಮೆ "ಬ್ಯಾಡ" ಅಂದ್ರೆ ಚಾ ಸಿಗಲ್ಲ: ಮಕ್ಕಳ ಮನೆಗೆ ಹೊರಟ ಅಪ್ಪ-ಅವ್ವಂದಿರಿಗೆ

ನಾನು ಬಾಗಲಕೋಟೆ ಡಿಪೋದಲ್ಲಿ 31 ವರ್ಷ ಕಂಡಕ್ಟರ್ ಆಗಿದ್ದೆ. ಜಾಸ್ತಿ ಓಡಾಡಿದ್ದು ವಿಜಯಪುರ ಮತ್ತು ಬೆಳಗಾವಿ ರೂಟಿನಲ್ಲಿ. ನಿವೃತ್ತಿಯಾದ ಮೇಲೆ ಎರಡು ಸಲ ಅಮೆರಿಕಕ್ಕೆ ಹೋಗಿ ಬಂದೆ. 2018ರಲ್ಲಿ ಮಗಳ ಬಾಣಂತನಕ್ಕೆ, 2023ರಲ್ಲಿ ಮೊಮ್ಮಗ ಶಾಲೆಗೆ ಸೇರುವಾಗ. ಎರಡೂ ಸಲ ಓಹಾಯೋ ರಾಜ್ಯದ ಕೊಲಂಬಸ್ ಊರಿಗೆ. ಈಗ ನವನಗರದ ನಮ್ಮ ಸೆಕ್ಟರ್‌ನಲ್ಲಿ ಯಾರಿಗೆ ವೀಸಾ ಬಂದರೂ ಸಂಜೆ ನಮ್ಮ ಮನೆಗೆ ಬಂದು ಕೂರುತ್ತಾರೆ. "ಅಲ್ಲಿ ಹೆಂಗ್ ಇರಬೇಕ್ರಿ?" ಅಂತ ಕೇಳುತ್ತಾರೆ. ಪ್ರತಿ ಸಲ ಅದೇ ಪುರಾಣ ಹೇಳಿ ನನ್ನ ಬಾಯಿ ಸೋತಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಟಿಕೆಟ್, ವೀಸಾ, ಇನ್ಶೂರೆನ್ಸ್ ಎಲ್ಲ ನಿಮ್ಮ ಮಕ್ಕಳು ನೋಡಿಕೊಳ್ಳುತ್ತಾರೆ. ಆದರೆ ಅಲ್ಲಿಯ ಜನರ ರೂಢಿ ಮಾತ್ರ ಮಕ್ಕಳು ಹೇಳುವುದಿಲ್ಲ. ಮುಚ್ಚಿಡುತ್ತಾರೆ ಅಂತ ಅಲ್ಲ, ಹತ್ತು ವರ್ಷ ಅಲ್ಲೇ ಇದ್ದು ಅವರಿಗೆ ಅದು ವಿಚಿತ್ರ ಅಂತ ಅನಿಸುವುದೇ ನಿಂತುಹೋಗಿದೆ. ನಾನು ಎಲ್ಲೆಲ್ಲಿ ಎಡವಿದೆನೋ ಅಷ್ಟನ್ನು ಹೇಳುತ್ತೇನೆ.

ಮೊದಲ ಸಲಕ್ಕೇ "ಹೂಂ" ಅನ್ನಿ

ಹೋದ ಮೊದಲ ವಾರವೇ ಪಕ್ಕದ ಮನೆಯ ಅಜ್ಜಿ ನಮ್ಮಿಬ್ಬರನ್ನೂ ಕರೆದರು. ಗಂಡ-ಹೆಂಡತಿ ಇಬ್ಬರೇ, ಎಪ್ಪತ್ತು ದಾಟಿದವರು. ಒಳಗೆ ಕಾಲಿಟ್ಟರೆ ಓವನ್‌ನಿಂದ ಆಗಷ್ಟೇ ತೆಗೆದ ಬಿಸ್ಕತ್ತಿನ ವಾಸನೆ. ಅಜ್ಜಿ "ಕಾಫಿ?" ಅಂದರು. ನಾನು ನಮ್ಮ ಪದ್ಧತಿಯಂತೆ "ನೋ ನೋ" ಅಂದೆ. ಅಜ್ಜಿ "ಓಕೆ" ಅಂದು, ತಮಗೊಂದು ಕಪ್ ಸುರಿದುಕೊಂಡು, ನನ್ನ ಎದುರಿಗೇ ಕುಳಿತು ಕುಡಿದರು. ಬಿಸ್ಕತ್ತಿಗೂ ಅದೇ ಗತಿ. ಒಮ್ಮೆ ತಟ್ಟೆ ಮುಂದೆ ಹಿಡಿದರು, ನಾನು ಕೈ ಅಡ್ಡ ಮಾಡಿದೆ, ತಟ್ಟೆ ಒಳಗೆ ಹೋಯಿತು. ಇನ್ನೊಮ್ಮೆ ಕೇಳುತ್ತಾರೆ ಅಂತ ಮುಕ್ಕಾಲು ಗಂಟೆ ಕಾದೆ. ಕೇಳಲಿಲ್ಲ.

ನಮ್ಮ ಕಡೆ ಮೊದಲನೇ "ಬ್ಯಾಡ್ರಿ" ಅಂದರೆ ಬೇಡ ಅಂತ ಅಲ್ಲವೇ ಅಲ್ಲ. "ಈಗ ಕುಡದ ಬಂದೀನ್ರಿ" ಅನ್ನುವುದು, ಅವರು "ಏ, ಅರ್ಧ ಕಪ್ ಏನಾಗ್ತದ" ಅನ್ನುವುದು, ಮೂರನೇ ಸಲಕ್ಕೆ ನಾವು "ಹಂಗಾರ ಸ್ವಲ್ಪ ಹಾಕ್ರಿ" ಅನ್ನುವುದು. ಹಂಗೆ ಆದರೇ ಚಾಕ್ಕೆ ರುಚಿ. ಅಲ್ಲಿ ಈ ಆಟ ಗೊತ್ತಿಲ್ಲ. ಬೇಡ ಅಂದವರಿಗೆ ಮತ್ತೆ ಕೇಳಿದರೆ ಅವರ ಮಾತಿಗೆ ಬೆಲೆ ಕೊಡಲಿಲ್ಲ ಅಂತ ಅರ್ಥ. ಅಜ್ಜಿ ನನಗೆ ಮರ್ಯಾದೆಯನ್ನೇ ಕೊಟ್ಟಿದ್ದರು, ನಾನು ಉಪವಾಸ ಎದ್ದು ಬಂದೆ.

ಮಾಡಬೇಕಾದ್ದು ಇಷ್ಟೇ. ಬೇಕಿದ್ದರೆ ಮೊದಲ ಸಲಕ್ಕೇ "ಯೆಸ್ ಪ್ಲೀಸ್". ಬೇಡವಾದರೆ "ನೋ ಥ್ಯಾಂಕ್ಯೂ". ನಗಬೇಡಿ, ಹೊರಡುವ ಮೊದಲು ಮನೆಯಲ್ಲಿ ಒಂದು ವಾರ ರೂಢಿ ಮಾಡಿಕೊಳ್ಳಿ. ನಮ್ಮ ವಯಸ್ಸಿನವರ ಬಾಯಿಂದ ಮೊದಲ ಸಲಕ್ಕೇ "ಹೂಂ" ಹೊರಡುವುದು ಸುಲಭ ಇಲ್ಲ. ಯಾರಾದರೂ ಕಾರಿನಲ್ಲಿ ಬಿಡುತ್ತೇನೆ ಅಂದರೂ, ಚೀಲ ಹಿಡಿಯಲಾ ಅಂದರೂ ಇದೇ ಲೆಕ್ಕ.

ಇದರ ಉಲ್ಟಾ ಕೂಡ ಇದೆ. ಹೊರಡುವಾಗ ಬಾಯಿ ರೂಢಿಗೆ ನಾನು "ನಮ್ಮ ಮನೆಗೂ ಊಟಕ್ಕೆ ಬನ್ನಿ" ಅಂದೆ. ಅಜ್ಜ ಜೇಬಿನಿಂದ ಫೋನ್ ತೆಗೆದು "ಶನಿವಾರ, ಆರು ಗಂಟೆ?" ಅಂದರು. ಮಗಳಿಗೆ ಒಂಬತ್ತು ತಿಂಗಳು, ಮನೆಯಲ್ಲಿ ಬದನೆಕಾಯಿ ಇಲ್ಲ, ನಾನು ತಲೆ ಆಡಿಸಿಬಿಟ್ಟಿದ್ದೆ. ಅವರೂ "ಸಮ್‌ಟೈಮ್ ಸಿಗೋಣ" ಅಂತಾರೆ, ಅದು ಸುಮ್ನೆ ಮಾತು. ತಾರೀಖು ಹೇಳಿದರೆ ಮಾತ್ರ ಅದು ಕರೆ.

ಅವರು ನಿಮ್ಮ ಮನೆಗೆ ಊಟಕ್ಕೆ ಬಂದರೆ

ಆರು ಅಂದರೆ ಆರಕ್ಕೇ ಗಂಟೆ ಬಾರಿಸಿದರು. ನಮ್ಮಾಕಿ ಇನ್ನೂ ಹಿಟ್ಟು ನಾದುತ್ತಿದ್ದಳು. ಅಜ್ಜನ ಕೈಯಲ್ಲಿ ಒಂದು ವೈನ್ ಬಾಟಲಿ. ಲಿಂಗ ಕಟ್ಟಿಕೊಂಡವರ ಮನೆಗೆ! ಅಲ್ಲಿ ಬರಿಗೈಯಲ್ಲಿ ಊಟಕ್ಕೆ ಬರುವುದಿಲ್ಲ, ನಾವು ಬಾಳೆಹಣ್ಣು ಒಯ್ದ ಹಾಗೆ ಅವರು ಬಾಟಲಿ ತರುತ್ತಾರೆ. ತೆಗೆದುಕೊಂಡು ಥ್ಯಾಂಕ್ಯೂ ಹೇಳಿ ಒಳಗಿಡಿ. ಮೊದಲೇ "ನಾವು ಕುಡಿಯಲ್ಲ" ಅಂತ ಹೇಳಿದ್ದರೆ ಹೂ ತರುತ್ತಾರೆ. ಬೇರೆ ಉಡುಗೊರೆ ತಂದರೆ ಅವರ ಎದುರಿಗೇ ಬಿಚ್ಚಿ ನೋಡಬೇಕು. ನಾವು ಹಂಗೇ ಒಳಗೆ ಒಯ್ದಿಟ್ಟರೆ ಇಷ್ಟ ಆಗಲಿಲ್ಲ ಅಂದುಕೊಳ್ಳುತ್ತಾರೆ.

ಅವತ್ತು ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಅಜ್ಜನಿಗೆ ರೊಟ್ಟಿ ಹಿಡಿಸಿತು. ನಮ್ಮಾಕಿ ಕೈ ನಿಲ್ಲುತ್ತದೆಯೇ? ತಟ್ಟೆ ಖಾಲಿ ಆದ ಕೂಡಲೇ ಇನ್ನೊಂದು. ಅವರು "ನೋ, ಐ ಆಮ್ ಗುಡ್" ಅಂದರು. ಒಳ್ಳೆಯವರೇ ಇರಲಿ ಅಂತ ಇನ್ನೊಂದು ಹಾಕಿದಳು. "ಐ ಆಮ್ ಗುಡ್" ಅಂದರೆ ಸಾಕು ಅಂತ, ಇದು ನೆನಪಿರಲಿ. ತಟ್ಟೆಯಲ್ಲಿ ಬಿಡುವುದು ಸರಿಯಲ್ಲ ಅಂತ ಅವರು, ತಟ್ಟೆ ಖಾಲಿ ಇರಬಾರದು ಅಂತ ನಾವು. ನಾಲ್ಕನೇ ರೊಟ್ಟಿಗೆ ಮನುಷ್ಯನ ಮುಖ ಕೆಂಪಾಯಿತು. ಕೊನೆಗೆ ಮಗಳು, "ಅವ್ವಾ, ಅವರು ಬ್ಯಾಡ ಅಂದ್ರ ಬ್ಯಾಡನ. ಬಿಡ ಇನ್ನ" ಅಂದಳು. ಆಮೇಲೆ ನಾನು ಅಜ್ಜನಿಗೆ ಎಲೆಯ ಮೇಲೆ ಅಂಗೈ ಅಗಲಿಸಿ "ಸಾಕ್ರಿ" ಅನ್ನುವುದನ್ನು ಕಲಿಸಿಕೊಟ್ಟೆ. 2023ರಲ್ಲಿ ಮತ್ತೆ ಸಿಕ್ಕಾಗಲೂ ಅವರಿಗೆ ಅದು ನೆನಪಿತ್ತು. ಎರಡನೇ ರೊಟ್ಟಿಗೇ ಅಂಗೈ ಬಂತು.

ಒಂದು ಮಾತು ಮಾತ್ರ ತಮಾಷೆಯಲ್ಲ. ಊಟಕ್ಕೆ ಕರೆದಾಗಲೇ "ಶೇಂಗಾ ತಿಂದರೆ ತೊಂದರೆ ಇದೆಯಾ?" ಅಂತ ಕೇಳಿ. ಅಲ್ಲಿ ಕೆಲವರಿಗೆ ಶೇಂಗಾ ಅಲರ್ಜಿ ಎಷ್ಟು ಜೋರು ಅಂದರೆ ಒಂದು ಚಮಚ ಶೇಂಗಾ ಹಿಂಡಿಯಿಂದ (ಚಟ್ನಿಪುಡಿಯಿಂದ) ಉಸಿರು ಕಟ್ಟಿ ಆಸ್ಪತ್ರೆ ಸೇರಬಹುದು. ನಮ್ಮ ಅಡುಗೆಯಲ್ಲಿ ಶೇಂಗಾ ಇಲ್ಲದ್ದು ಯಾವುದು ಹೇಳಿ? ಎಣ್ಣೆಗಾಯಿಯಲ್ಲಿ ಇದೆ, ಚಟ್ನಿಯಲ್ಲಿ ಇದೆ, ಹೋಳಿಗೆಯಲ್ಲೂ ಇದೆ. ಮೊಮ್ಮಗನ ಡಬ್ಬಿಯಲ್ಲಿ ಶೇಂಗಾ ಉಂಡಿ ಹಾಕಿ ಶಾಲೆಗೆ ಕಳಿಸುವ ಮೊದಲು ಮಗಳನ್ನು ಕೇಳಿ. ಬಹಳ ಶಾಲೆಗಳಲ್ಲಿ ಬಿಡುವುದಿಲ್ಲ.

"ಹೌ ಆರ್ ಯೂ" ಅಂದ್ರೆ "ಊಟ ಆತೇನ್ರಿ"

ಮಾತು ಅಂದರೆ ಮಾತು ಅಂತ ಈಗಷ್ಟೇ ಹೇಳಿದೆ. ಇದೊಂದು ಬಿಟ್ಟು. ಅಂಗಡಿಯ ಗಲ್ಲೆಯಲ್ಲಿ ಕುಳಿತ ಹುಡುಗಿ "ಹೌ ಆರ್ ಯೂ" ಅಂದಳು ಅಂತ ನಾನು ಮೊಣಕಾಲು ನೋವಿನ ಕಥೆ ಶುರು ಮಾಡಿದ್ದೆ. ನಾವು "ಊಟ ಆತೇನ್ರಿ" ಅಂದಾಗ ಯಾರಾದರೂ ಏನೇನು ಉಂಡೆ ಅಂತ ವರದಿ ಒಪ್ಪಿಸಿದರೆ ಹೇಗೋ ಹಾಗೆ. "ಗುಡ್, ಹೌ ಆರ್ ಯೂ" ಅಂದು ಮುಂದೆ ಸಾಗಿ. ಗುರುತಿಲ್ಲದವರು ದಾರಿಯಲ್ಲಿ ಕಂಡು ನಗುತ್ತಾರೆ, ನೀವೂ ನಕ್ಕರೆ ಮುಗಿಯಿತು. ಸೀನಿದರೆ "ಬ್ಲೆಸ್ ಯೂ" ಅಂತಾರೆ, ಅದಕ್ಕೂ ಥ್ಯಾಂಕ್ಯೂ.

ಬಾಗಿಲು ಹಿಡಿಯುವುದು ಇನ್ನೊಂದು. ಮುಂದೆ ಹೋದವರು ಹಿಂದಿನವರಿಗಾಗಿ ಬಾಗಿಲು ಹಿಡಿದು ನಿಲ್ಲುತ್ತಾರೆ. ಒಳ್ಳೆಯ ರೂಢಿ ಅಂತ ನಾನೂ ಹಿಡಿದೆ. ಯಾವಾಗ ಬಿಡಬೇಕು ಅಂತ ಗೊತ್ತಾಗಲಿಲ್ಲ. ಹನ್ನೊಂದು ಜನ ಒಳಗೆ ಹೋದರು, ಎಲ್ಲರೂ ಥ್ಯಾಂಕ್ಯೂ. ನಿವೃತ್ತಿಯಾದ ಮೇಲೆ ಮತ್ತೆ ಡ್ಯೂಟಿ! ನಿಮ್ಮ ಬೆನ್ನ ಹಿಂದೆ ನಾಲ್ಕೈದು ಹೆಜ್ಜೆಯಲ್ಲಿ ಇರುವವರಿಗೆ ಮಾತ್ರ ಹಿಡಿಯಿರಿ, ಅವರ ಕೈ ಬಾಗಿಲಿಗೆ ಬಂದ ಕೂಡಲೇ ಬಿಡಿ.

ಕೇಳಬಾರದ್ದು: ಪಗಾರ ಎಷ್ಟು, ವಯಸ್ಸೆಷ್ಟು, ಮಕ್ಕಳು ಯಾಕೆ ಇಲ್ಲ, ಯಾಕೆ ಇಷ್ಟು ದಪ್ಪ ಆದಿರಿ. ಬಸ್ಸಿನಲ್ಲಿ ಹುನಗುಂದ ಬರುವಷ್ಟರಲ್ಲಿ ನಮ್ಮವರು ಈ ನಾಲ್ಕನ್ನೂ ಕೇಳಿ ಮುಗಿಸಿರುತ್ತಾರೆ. ಅಲ್ಲಿ ಕೇಳಿದರೆ ಮಾತೇ ನಿಂತುಹೋಗುತ್ತದೆ. ಹವೆ ಬಗ್ಗೆ, ನಾಯಿ ಬಗ್ಗೆ ಎಷ್ಟು ಬೇಕಾದರೂ ಮಾತಾಡಬಹುದು. ಬೇರೆಯವರ ಕೂಸಿನ ಗಲ್ಲ ಹಿಂಡುವುದು, ಎತ್ತಿಕೊಳ್ಳುವುದು ಬೇಡ. ಮತ್ತೆ, ಐದು ವರ್ಷದ ಮೊಮ್ಮಗ ಎಪ್ಪತ್ತೈದರ ಅಜ್ಜನನ್ನು ಹೆಸರು ಹಿಡಿದು ಕರೆದರೆ ಕಣ್ಣು ಬಿಡಬೇಡಿ. ಅಜ್ಜನೇ ಹಾಗೆ ಕರಿ ಅಂದಿರುತ್ತಾರೆ. ನನಗೆ ಮಾತ್ರ ಕೊನೆವರೆಗೂ ನಾಲಗೆ ಹೊರಳಲಿಲ್ಲ, "ಸರ್" ಅಂತಲೇ ಕರೆದೆ.

ರೊಕ್ಕದ ವಿಷಯ

ಇಲ್ಲಿ ನನಗೆ ಆದ ಅವಮಾನ ಯಾವ ಕಂಡಕ್ಟರಿಗೂ ಆಗಬಾರದು. ಎಲ್ಲ ಸಾಮಾನೂ ಒಂದೇ ಡಾಲರ್ ಅನ್ನುವ ಒಂದು ಅಂಗಡಿ ಆಗ ಇತ್ತು. ಒಂದು ಸಾಬೂನು ತೆಗೆದುಕೊಂಡು ಲೆಕ್ಕವಾಗಿ ಒಂದು ಡಾಲರ್ ನೋಟು ಹಿಡಿದು ನಿಂತೆ. ಹುಡುಗ "ಒಂದು ಡಾಲರ್ ಎಂಟು ಸೆಂಟ್" ಅಂದ. ನಾನು ಬೋರ್ಡ್ ತೋರಿಸಿದೆ. ಅವನು ಯಂತ್ರ ತೋರಿಸಿದ. ಹಿಂದೆ ಪಾಳಿ ಬೆಳೆಯಿತು. ಮೂವತ್ತೊಂದು ವರ್ಷ "ಚಿಲ್ಲರೆ ಕೊಡ್ರಿ, ಚಿಲ್ಲರೆ" ಅಂತ ಜನರ ಮೇಲೆ ಹಾರಾಡಿದವನು ಎಂಟು ಸೆಂಟ್ ಇಲ್ಲದೆ ನಿಂತಿದ್ದೆ. ಹಿಂದಿದ್ದ ಹೆಣ್ಣುಮಗಳು ಒಂದು ಸಣ್ಣ ನಾಣ್ಯ ಇಟ್ಟು ನನ್ನನ್ನು ಪಾರು ಮಾಡಿದಳು.

ನಮ್ಮಲ್ಲಿ ಪಾಕೀಟಿನ ಮೇಲೆ ಎಂಆರ್‌ಪಿ ಅಂತ ಇರುತ್ತದೆ, ಎಲ್ಲ ತೆರಿಗೆ ಸೇರಿ. ಅಲ್ಲಿ ಹಲಗೆಯ ಮೇಲಿನ ಬೆಲೆಗೆ ಗಲ್ಲೆಯಲ್ಲಿ ತೆರಿಗೆ ಕೂಡುತ್ತದೆ. ನಾವಿದ್ದ ಕಡೆ ಆಗ ನೂರಕ್ಕೆ ಏಳೂವರೆ ಇತ್ತು. ರಾಜ್ಯದಿಂದ ರಾಜ್ಯಕ್ಕೆ, ಜಿಲ್ಲೆಯಿಂದ ಜಿಲ್ಲೆಗೆ ಬೇರೆ. ಒರೆಗಾನ್, ಡೆಲವೇರ್‌ನಂಥ ಕಡೆ ರಾಜ್ಯದ ಮಾರಾಟ ತೆರಿಗೆಯೇ ಇಲ್ಲ. ಓಹಾಯೋದಲ್ಲಿ ಮನೆಗೆ ಒಯ್ಯುವ ಅಕ್ಕಿ, ಬೇಳೆ, ತರಕಾರಿಗೆ ತೆರಿಗೆ ಇಲ್ಲ, ಸಾಬೂನಿಗೆ ಇದೆ. ಅಲ್ಲಿ ಮನುಷ್ಯರ ಮಾತು ನಂಬಿ, ಬೆಲೆಚೀಟಿ ನಂಬಬೇಡಿ. ಹತ್ತು ಡಾಲರ್ ಸಾಮಾನಿಗೆ ಹನ್ನೊಂದು ಕೈಯಲ್ಲಿರಲಿ.

ನಾಣ್ಯ ಇನ್ನೊಂದು ತಲೆನೋವು. ನಾಣ್ಯದ ಮೇಲೆ ಬೆಲೆಯ ಅಂಕಿಯೇ ಇಲ್ಲ, ಅಕ್ಷರದಲ್ಲಿ ಬರೆದಿರುತ್ತಾರೆ. ಹತ್ತು ಸೆಂಟಿನ ಡೈಮ್ ಎಲ್ಲಕ್ಕಿಂತ ಸಣ್ಣದು, ಐದು ಸೆಂಟಿನ ನಿಕೆಲ್ ಅದಕ್ಕಿಂತ ದೊಡ್ಡದು. ಕೆಂಪಗೆ ಇರುವುದು ಒಂದು ಸೆಂಟಿನ ಪೆನ್ನಿ. ಅದನ್ನು ಟಂಕಿಸುವುದನ್ನು 2025ರಲ್ಲಿ ನಿಲ್ಲಿಸಿದ್ದಾರೆ, ಹಳೆಯವು ನಡೆಯುತ್ತವೆ. ಇಪ್ಪತ್ತೈದರದು ಕ್ವಾರ್ಟರ್. ನೋಟುಗಳೋ, ಒಂದರದೂ ನೂರರದೂ ಒಂದೇ ಅಳತೆ. ಕತ್ತಲ ಬಸ್ಸಿನಲ್ಲಿ ಬೆರಳಿನಿಂದಲೇ ನೋಟು ಗುರುತು ಹಿಡಿಯುತ್ತಿದ್ದ ನನಗೆ ಇದು ಬಹಳ ಕೆಟ್ಟ ಏರ್ಪಾಡು ಅನಿಸಿತು. ಒಂದು ಸಂಜೆ ಮಗಳ ಮನೆಯ ಮೇಜಿನ ಮೇಲೆ ಎಲ್ಲ ನಾಣ್ಯ ಹರಡಿ, ಕಣ್ಣು ಮುಚ್ಚಿ ಮುಟ್ಟಿ ಕಲಿತೆ. ನೀವೂ ಕಲಿಯಿರಿ.

ಇನ್ನು ಟಿಪ್ಸ್. ಹೋಟೆಲಿನಲ್ಲಿ ನಲವತ್ತೈದು ಡಾಲರ್ ಬಿಲ್ಲಿಗೆ ಅಳಿಯ ಒಂಬತ್ತು ಡಾಲರ್ ಮೇಲೆ ಬರೆದ. ಆಗಿನ ಲೆಕ್ಕಕ್ಕೆ ಆರು ನೂರು ರೂಪಾಯಿ! ನನಗೆ ಸಿಟ್ಟು ಬಂತು, ಅಳಿಯನ ಮುಂದೆ ತೋರಿಸುವಂತಿಲ್ಲ. ಮನೆಗೆ ಬಂದ ಮೇಲೆ ಅವನೇ ಬಿಡಿಸಿ ಹೇಳಿದ. ಟಿಪ್ಸ್ ಬರುವ ಕೆಲಸಗಾರರಿಗೆ ಮಾಲೀಕ ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿ ಕೇಂದ್ರ ಸರ್ಕಾರದ ಕಾನೂನಿನಲ್ಲಿ ಗಂಟೆಗೆ 2.13 ಡಾಲರ್. 1991ರಿಂದ ಅದು ಏರಿಲ್ಲ. ಬೇರೆ ಕೆಲಸಕ್ಕೆ 7.25, ಅದೂ 2009ರಿಂದ ಹಾಗೇ ಇದೆ. ಟಿಪ್ಸ್ ಸೇರಿಯೂ 7.25 ಮುಟ್ಟದಿದ್ದರೆ ಉಳಿದದ್ದನ್ನು ಮಾಲೀಕ ತುಂಬಿ ಕೊಡಬೇಕು. ಎಷ್ಟೋ ರಾಜ್ಯಗಳು ಇದಕ್ಕಿಂತ ಜಾಸ್ತಿ ಇಟ್ಟಿವೆ. ಅಂದರೆ ನಾವು ಭಕ್ಷೀಸು ಅಂದುಕೊಂಡದ್ದು ಆ ಹುಡುಗಿಯ ಪಗಾರ. ಇದು ತಿಳಿದ ಮೇಲೆ ನನ್ನ ಸಿಟ್ಟು ಆ ಮಾಲೀಕರ ಕಡೆ ತಿರುಗಿತು. ಅದು ಇನ್ನೂ ಇಳಿದಿಲ್ಲ.

ಲೆಕ್ಕ ಹೀಗೆ ಹಾಕಿ. ಬಿಲ್ಲಿನ ಕೊನೆಯ ಅಂಕಿ ಬಿಟ್ಟರೆ ಹತ್ತನೇ ಒಂದು ಪಾಲು ಸಿಕ್ಕಿತು. ನಲವತ್ತಕ್ಕೆ ನಾಲ್ಕು. ಅದರ ಎರಡು ಪಟ್ಟು, ಎಂಟು. ಅದು ನೂರಕ್ಕೆ ಇಪ್ಪತ್ತು. ಹದಿನೈದರಿಂದ ಇಪ್ಪತ್ತರ ಒಳಗೆ ಕೊಟ್ಟರೆ ಸರಿ. ಇದು ಟೇಬಲ್ಲಿಗೆ ತಂದು ಬಡಿಸುವ ಕಡೆ ಮಾತ್ರ. ನಿಂತು ಕಾಫಿ ಒಯ್ಯುವ ಕಡೆಯೂ ಈಗ ಯಂತ್ರದ ಪರದೆ ತಿರುಗಿಸಿ 18, 20, 25 ಅಂತ ತೋರಿಸುತ್ತಾರೆ. ಅಲ್ಲಿ "ನೋ ಟಿಪ್" ಒತ್ತಿದರೆ ಯಾರೂ ಹಿಡಿದುಕೊಳ್ಳುವುದಿಲ್ಲ. ನಾನು ಒತ್ತಿದ್ದೇನೆ.

ಹೋಟೆಲಿನಲ್ಲಿ ಇನ್ನೆರಡು ಮಾತು. ಚಳಿಗಾಲದಲ್ಲೂ ನೀರಿನ ಲೋಟದ ತುಂಬ ಐಸ್ ಗಡ್ಡೆ ಹಾಕುತ್ತಾರೆ, ಕುಳಿತ ಕೂಡಲೇ "ನೋ ಐಸ್" ಅನ್ನಿ. ಉಳಿದ ಊಟಕ್ಕೆ ಡಬ್ಬಿ ಕೇಳಿದರೆ ಕೊಡುತ್ತಾರೆ, ನಾಚಿಕೆ ಬೇಡ. ಒಂದು ತಟ್ಟೆಯಲ್ಲಿ ಇಬ್ಬರ ಊಟ ಇರುತ್ತದೆ.

ಮನೆಯೊಳಗೆ

ಸ್ವಿಚ್ ಮೇಲೆ ಮಾಡಿದರೆ ದೀಪ ಹತ್ತುತ್ತದೆ, ನಮ್ಮ ಉಲ್ಟಾ. ಪ್ಲಗ್ಗಿನ ಹತ್ತಿರ ಸ್ವಿಚ್ಚೇ ಇರುವುದಿಲ್ಲ, ಚುಚ್ಚಿದರೆ ಕರೆಂಟು. ಅದೂ 120 ವೋಲ್ಟ್, ನಮ್ಮದು 230. ಇಲ್ಲಿಂದ ಮಿಕ್ಸಿ ಹೊತ್ತೊಯ್ಯಬೇಡಿ. ನಾವು ಒಯ್ದಿದ್ದೆವು, ಚಟ್ನಿ ಕಲಸಿದ ಹಾಗೆ ನಿಧಾನ ತಿರುಗಿತು.

ಬಚ್ಚಲಿನ ನೆಲದಲ್ಲಿ ನೀರು ಹೋಗಲು ದಾರಿಯೇ ಇರುವುದಿಲ್ಲ. ತೊಟ್ಟಿಯ ಒಳಗೇ ನಿಂತು, ಪರದೆಯ ಕೆಳ ಅಂಚನ್ನು ತೊಟ್ಟಿಯ ಒಳಗೆ ಬಿಟ್ಟು ಸ್ನಾನ ಮಾಡಬೇಕು. ಹೊರಗೆ ಬಿಟ್ಟರೆ ನೀರು ಕೆಳಗಿನ ಮನೆಗೆ. ಪಾಯಖಾನೆಯಲ್ಲಿ ಕಾಗದ ಅನ್ನುವುದು ನಿಮಗೆ ಗೊತ್ತೇ ಇದೆ. ಮಗನಿಗೆ ಹೇಳಿ ನೀರಿನ ಪೈಪು ಹಾಕಿಸಿಕೊಳ್ಳಿ, ಇಲ್ಲವೇ ಒಂದು ತಂಬಿಗೆ ಇಟ್ಟುಕೊಳ್ಳಿ. ಹೊರಗಿನ ಪಾಯಖಾನೆಗಳ ಬಾಗಿಲಿಗೆ ಕೆಳಗೆ ಒಂದು ಗೇಣು, ಪಕ್ಕದಲ್ಲಿ ಒಂದು ಬೆರಳು ಸಂದಿ ಇರುತ್ತದೆ. ಯಾಕೆ ಅಂತ ಯಾರೂ ನನಗೆ ಒಪ್ಪುವ ಕಾರಣ ಹೇಳಲಿಲ್ಲ.

ಬಟ್ಟೆ ಒಣಗಿಸಲು ಬಿಸಿಲು ಬೇಕಿಲ್ಲ, ಯಂತ್ರ ಇದೆ. ಎಷ್ಟೋ ಬಡಾವಣೆಗಳಲ್ಲಿ ಬಾಲ್ಕನಿಯಲ್ಲಿ ಸೀರೆ ಹರವಲು ಬಿಡುವುದಿಲ್ಲ. ಇಳಕಲ್ ಸೀರೆಯನ್ನು ಮಾತ್ರ ಆ ಯಂತ್ರಕ್ಕೆ ಕೊಡಬೇಡಿ. ರೇಷ್ಮೆ ಸೆರಗು ಮುದುಡಿ ಮುದ್ದೆಯಾಗಿ ಬಂತು, ಆ ದಿನ ಮನೆಯಲ್ಲಿ ಯಾರೂ ಮಾತಾಡಲಿಲ್ಲ.

ಈಗ ರೊಟ್ಟಿಯ ಕಥೆ. ಮೊದಲ ಸಲ ಮಗಳು ಎರಡನೇ ಮಹಡಿಯ ಅಪಾರ್ಟ್‌ಮೆಂಟಿನಲ್ಲಿದ್ದಳು. ಅಲ್ಲಿ ನೆಲದ ಮಹಡಿಯನ್ನೇ ಒಂದನೇ ಮಹಡಿ ಅನ್ನುತ್ತಾರೆ, ಲಿಫ್ಟಿನಲ್ಲಿ ತಪ್ಪಬೇಡಿ. ಮನೆ ಪೂರ್ತಿ ಕಟ್ಟಿಗೆಯದು, ನೆಲವೂ. ನಮ್ಮಾಕಿ ಬೆಳಗ್ಗೆ ಆರಕ್ಕೆ ಎದ್ದು ರೊಟ್ಟಿ ಬಡಿಯಲು ಕೂರುತ್ತಿದ್ದಳು, ಊರಿನ ಹಾಗೇ. ನಮ್ಮ ಓಣಿಯಲ್ಲಿ ಆ ಪಟಪಟ ಸಪ್ಪಳ ಕೇಳಿಸದಿದ್ದರೆ ಆ ಮನೆಯಲ್ಲಿ ಯಾರಿಗೋ ಆರಾಮಿಲ್ಲ ಅಂತ ಲೆಕ್ಕ. ನಾಲ್ಕನೇ ದಿನ ಬಾಗಿಲಿಗೆ ಒಂದು ಹಳದಿ ಚೀಟಿ ಅಂಟಿತ್ತು. ನಗುವ ಮುಖದ ಚಿತ್ರ ಬೇರೆ. ಮಗಳು ಓದಿದಳು: ಹಾಯ್, ನೀವು ಚೆನ್ನಾಗಿದ್ದೀರಿ ಅಂದುಕೊಂಡಿದ್ದೇವೆ, ಬೆಳಗಿನ ಹೊತ್ತು ಏನೋ ಬಡಿಯುವ ಸದ್ದು ಬರುತ್ತಿದೆ, ಸ್ವಲ್ಪ ತಡವಾಗಿ ಮಾಡಲು ಆಗಬಹುದಾ ಅಂತ ಸುಮ್ನೆ ಕೇಳೋಣ ಅನಿಸಿತು, ಥ್ಯಾಂಕ್ಸ್!

ನಾನು "ಎಷ್ಟು ಒಳ್ಳೆ ಮಂದಿ, ಸುಮ್ನೆ ಕೇಳ್ಯಾರ" ಅಂದೆ. ಮಗಳು, "ಅಪ್ಪಾ, ಇದು ಜಗಳಾರಿ" ಅಂದಳು. ಅಲ್ಲಿ ಪಕ್ಕದವರು ಬಂದು ಬಾಗಿಲು ಬಡಿದು ಕೂಗಾಡುವುದಿಲ್ಲ. ಮೊದಲು ಚೀಟಿ, ಆಮೇಲೆ ಆಫೀಸಿಗೆ ದೂರು. ಹಾಗಾಗಿ ಚೀಟಿ ಎಷ್ಟೇ ಸಿಹಿಯಾಗಿದ್ದರೂ ಅವತ್ತೇ ಸರಿಮಾಡಿ. ನಾವು ಮಾಡಿದ್ದು ಇಷ್ಟು: ದಪ್ಪ ಟವೆಲ್ ನಾಲ್ಕು ಮಡಿಕೆ ಮಾಡಿ ರೊಟ್ಟಿ ಬಡಿಯುವ ಕೊಣಮಿಗೆಯ ಕೆಳಗೆ ಹಾಸಿದೆವು, ಒಂಬತ್ತರ ಮೇಲೆ ಬಡಿಯಲು ಶುರು ಮಾಡಿದೆವು, ವಾರಕ್ಕೆ ಎರಡೇ ದಿನ ಜಾಸ್ತಿ ಬಡಿದು ಕಟಕ್ ರೊಟ್ಟಿ ಮಾಡಿಟ್ಟೆವು. ಮತ್ತೆ ಚೀಟಿ ಬರಲಿಲ್ಲ.

ಒಗ್ಗರಣೆ ಹಾಕುವ ಮೊದಲು ಒಲೆಯ ಮೇಲಿನ ಫ್ಯಾನು ಹಾಕಿ, ಕಿಟಕಿ ತೆಗೆಯಿರಿ. ಚಾವಣಿಯಲ್ಲಿ ಹೊಗೆಯ ಅಲಾರಂ ಇರುತ್ತದೆ. ಒಣಮೆಣಸಿನಕಾಯಿ ಎಣ್ಣೆಗೆ ಬಿದ್ದರೆ ಅದು ಕೂಗುತ್ತದೆ. ಕೂಗಿದರೆ ಓಡಬೇಡಿ, ಕೆಳಗೆ ನಿಂತು ಟವೆಲ್ ಬೀಸಿ.

ಎರಡನೇ ಸಲಕ್ಕೆ ಮಗಳು ಅದೇ ಊರಲ್ಲಿ ಸ್ವಂತ ಮನೆ ಮಾಡಿದ್ದಳು. ಮುಂದೆ ಹಿಂದೆ ಹುಲ್ಲು. ಅಳಿಯ ಪ್ರತಿ ಶನಿವಾರ ಯಂತ್ರ ತಳ್ಳಿ ಕತ್ತರಿಸಿ ಆ ಹುಲ್ಲನ್ನು ಚೀಲಕ್ಕೆ ತುಂಬಿ ಕಸಕ್ಕೆ ಹಾಕುತ್ತಿದ್ದ. ಎರಡು ಎಮ್ಮೆ ಆರಾಮಾಗಿ ಸಾಕಬಹುದಿತ್ತು. ಬೆಳೆಯಲು ಬಿಟ್ಟರೆ ಊರಿನವರು ನೋಟಿಸು ಕೊಡುತ್ತಾರಂತೆ. ಟಪಾಲು ಡಬ್ಬಿಗೆ ಒಂದು ಕೆಂಪು ಬಾವುಟ ಇರುತ್ತದೆ. ನೀವು ಕಳಿಸಬೇಕಾದ ಕಾಗದಕ್ಕೆ ಸ್ಟಾಂಪು ಹಚ್ಚಿ ಒಳಗಿಟ್ಟು ಬಾವುಟ ಎತ್ತಿದರೆ ಪೋಸ್ಟಿನವನೇ ಒಯ್ಯುತ್ತಾನೆ. ಅಕ್ಟೋಬರ್ ಕೊನೆಗೆ ಹ್ಯಾಲೋವೀನ್ ಅಂತ ಮಕ್ಕಳು ದೆವ್ವದ ವೇಷ ಹಾಕಿ ಮನೆಮನೆಗೆ ಮಿಠಾಯಿ ಕೇಳಲು ಬರುತ್ತಾರೆ. ಮುಂಬಾಗಿಲ ದೀಪ ಹಚ್ಚಿದ್ದರೆ ಬನ್ನಿ ಅಂತ, ಆರಿಸಿದ್ದರೆ ಬೇಡ ಅಂತ.

ತಾರೀಖು, ಅಳತೆ

ತಿಂಗಳು ಮೊದಲು, ದಿನ ಆಮೇಲೆ. ಇದು ಗೊತ್ತಿಲ್ಲದೆ ಜೂನ್ 20ರಂದು ಫ್ರಿಜ್ಜಿನಲ್ಲಿದ್ದ ಹಾಲಿನ ಕ್ಯಾನಿನ ಮೇಲೆ 07/06 ಅಂತ ನೋಡಿ, ಹದಿಮೂರು ದಿನ ಹಿಂದಿನ ಹಾಲು ಅಂತ ಇಡೀ ಗ್ಯಾಲನ್ ಸಿಂಕಿಗೆ ಸುರಿದೆ. ಅದು ಜುಲೈ 6. ಗ್ಯಾಲನ್ ಅಂದರೆ 3.78 ಲೀಟರ್. ನಮ್ಮಾಕಿ ಇವತ್ತಿಗೂ ಹಾಲು ಕಾಸುವಾಗ ನೆನಪು ಮಾಡುತ್ತಾಳೆ.

ಹವೆ ಫ್ಯಾರನ್‌ಹೀಟಿನಲ್ಲಿ ಹೇಳುತ್ತಾರೆ. ಮೂವತ್ತು ಕಳೆದು ಅರ್ಧ ಮಾಡಿ, ಸುಮಾರು ಸರಿ ಬರುತ್ತದೆ. 72 ಅಂದರೆ 21, ಹಿತವಾದ ಹವೆ. 32ಕ್ಕೆ ನೀರು ಹೆಪ್ಪುಗಟ್ಟುತ್ತದೆ, ಸ್ವೆಟರ್ ಸಾಲುವುದಿಲ್ಲ. ಮಾರ್ಚಿನ ಎರಡನೇ ಭಾನುವಾರ ಗಡಿಯಾರ ಒಂದು ತಾಸು ಮುಂದೆ, ನವೆಂಬರಿನ ಮೊದಲ ಭಾನುವಾರ ಒಂದು ತಾಸು ಹಿಂದೆ. ಇಲ್ಲಿಯವರಿಗೆ ಫೋನ್ ಮಾಡುವ ಹೊತ್ತೂ ಅವತ್ತಿನಿಂದ ಬದಲಾಗುತ್ತದೆ ಅಂತ ಹೇಳಿಟ್ಟುಬಿಡಿ.

ರಸ್ತೆ ಮತ್ತು ಬಸ್ಸು

ಹಾರ್ನ್ ಮುಟ್ಟುವುದಿಲ್ಲ. ಅಲ್ಲಿ ಹಾರ್ನ್ ಅಂದರೆ ಬೈಗುಳ. ಸಿಗ್ನಲ್ ಇಲ್ಲದೆ ನಾಲ್ಕು ರಸ್ತೆ ಕೂಡುವ ಎಷ್ಟೋ ಜಾಗದಲ್ಲಿ ನಾಲ್ಕೂ ಕಡೆ "ಸ್ಟಾಪ್" ಫಲಕ ಇರುತ್ತದೆ. ಯಾರು ಮೊದಲು ಬಂದು ನಿಂತರೋ ಅವರು ಮೊದಲು ಹೋಗುತ್ತಾರೆ. ಇಬ್ಬರೂ ಒಟ್ಟಿಗೇ ಬಂದರೆ ಬಲಗಡೆಯವರು ಮೊದಲು. ಪೊಲೀಸ್ ಇಲ್ಲ, ಸೀಟಿ ಇಲ್ಲ. ನಾನು ವಾಕಿಂಗ್ ಹೋದಾಗ ಅಂಥ ಒಂದು ಮೂಲೆಯಲ್ಲಿ ಕಲ್ಲಿನ ಮೇಲೆ ಕುಳಿತು ಅರ್ಧ ತಾಸು ನೋಡುತ್ತಿದ್ದೆ. ನಮ್ಮ ಬಸವೇಶ್ವರ ಸರ್ಕಲ್‌ನಲ್ಲಿ ಹೀಗೆ ಒಂದು ದಿನ ಮಾಡಿದರೆ ಸಂಜೆವರೆಗೆ ಯಾರೂ ಹೋಗುತ್ತಿರಲಿಲ್ಲ, ಅಥವಾ ಎಲ್ಲರೂ ಒಮ್ಮೆಗೇ ಹೋಗುತ್ತಿದ್ದರು.

ಅದಕ್ಕಿಂತ ದೊಡ್ಡದು ಹಳದಿ ಶಾಲಾ ಬಸ್ಸು. ಅದು ನಿಂತು ಕೆಂಪು ದೀಪ ಮಿನುಗಿಸಿ, ಪಕ್ಕದಿಂದ "ಸ್ಟಾಪ್" ಫಲಕ ಚಾಚಿದರೆ ಹಿಂದಿನವರೂ ನಿಲ್ಲಬೇಕು, ಎರಡು ಲೇನಿನ ರಸ್ತೆಯಲ್ಲಿ ಎದುರಿನಿಂದ ಬರುವವರೂ ನಿಲ್ಲಬೇಕು. ಲಾರಿ ಇರಲಿ, ಪೊಲೀಸ್ ಕಾರಿರಲಿ. ನಮ್ಮ ಮೊಮ್ಮಗ ಚೀಲ ಹೊತ್ತು ಇಳಿಯುವವರೆಗೆ ಇಡೀ ರಸ್ತೆ ಉಸಿರು ಹಿಡಿದು ನಿಂತಿತ್ತು. ನೀವು ಮೊಮ್ಮಕ್ಕಳನ್ನು ಕರೆಯಲು ಹೋದರೆ ಬಸ್ಸಿನ ಮುಂದೆ ಓಡಬೇಡಿ. ಡ್ರೈವರ್ ಕೈ ಸನ್ನೆ ಮಾಡುವವರೆಗೆ ನಿಲ್ಲಿ.

ಸಿಟಿ ಬಸ್ಸಿಗೆ ಹೋಗಿಯೇ ಹೋಗಿ. ಮಕ್ಕಳು "ಯಾಕಪ್ಪಾ, ಕಾರಿನಲ್ಲಿ ಬಿಡ್ತೀವಿ" ಅಂತಾರೆ, ಕೇಳಬೇಡಿ. ಕಾರಿಲ್ಲದವರು ಅಲ್ಲಿ ಕಡಿಮೆ, ಬಸ್ಸು ಅರ್ಧ ತಾಸಿಗೊಂದು, ಆದರೆ ಹೊತ್ತಿಗೆ ಬರುತ್ತದೆ. ಕಂಡಕ್ಟರ್ ಇಲ್ಲ. ಮುಂದಿನ ಬಾಗಿಲಿನಿಂದ ಹತ್ತಿ ಡ್ರೈವರ್ ಪಕ್ಕದ ಪೆಟ್ಟಿಗೆಗೆ ಎರಡು ಡಾಲರ್ ಹಾಕಬೇಕು. ಲೆಕ್ಕವಾಗಿ ಹಾಕಿ, ಚಿಲ್ಲರೆ ವಾಪಸು ಬರುವುದಿಲ್ಲ. ಬಸ್ಸಿನ ಮೂತಿಗೆ ಸೈಕಲ್ ಕಟ್ಟುವ ಚೌಕಟ್ಟು. ಗಾಲಿ ಕುರ್ಚಿಯವರು ಬಂದರೆ ಡ್ರೈವರ್ ಎದ್ದು ಬಂದು ಪಟ್ಟಿ ಬಿಗಿಯುತ್ತಾರೆ, ಎಲ್ಲರೂ ತೆಪ್ಪಗೆ ಕಾಯುತ್ತಾರೆ. ಒಬ್ಬರೂ "ಹೊತ್ತಾತು" ಅನ್ನಲಿಲ್ಲ. ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ "ಥ್ಯಾಂಕ್ಯೂ" ಅಂತಾರೆ. ಶಾಲೆ ಹುಡುಗರೂ ಅಂತಾರೆ, ಕುಡಿದು ತೂಗಾಡುವವನೂ ಅಂತಾನೆ. ಮೂವತ್ತೊಂದು ವರ್ಷದಲ್ಲಿ ನನಗೆ ಎಷ್ಟು ಜನ ಹೇಳಿದ್ದರು ಅಂತ ಲೆಕ್ಕ ಹಾಕುತ್ತ ಕುಳಿತೆ, ಒಂದು ಕೈಯ ಬೆರಳು ಸಾಕಾದವು.

ಇಳಿಯಬೇಕಾದ ಸ್ಟಾಪು ಬರುವ ಮೊದಲು ಕಿಟಕಿಯ ಉದ್ದಕ್ಕೂ ಇರುವ ಹಳದಿ ದಾರ ಎಳೆಯಬೇಕು. ಮುಂದೆ ಗಂಟೆ ಬಾರಿಸುತ್ತದೆ. ದಾರ ಕಂಡ ಕೂಡಲೇ ನನ್ನ ಕೈಗೆ ಜೀವ ಬಂತು. ಮೊದಲ ದಿನ ಒಂದು ಸ್ಟಾಪಿನಲ್ಲಿ ಇಬ್ಬರು ಹತ್ತಿದರು, ಬಾಗಿಲು ಮುಚ್ಚಿತು, ನನಗೇ ಗೊತ್ತಿಲ್ಲದೆ ಕೈ ಮೇಲೆ ಹೋಗಿ ಎರಡು ಸಲ ಎಳೆದೆ. ಡಬಲ್ ಬೆಲ್, ರೈಟ್, ಹೋಗಲಿ ಅಂತ. ಡ್ರೈವರ್ ಮುಂದಿನ ಸ್ಟಾಪಿನಲ್ಲಿ ನಿಲ್ಲಿಸಿ ಕನ್ನಡಿಯಲ್ಲಿ ನೋಡಿದ. ಯಾರೂ ಏಳಲಿಲ್ಲ. ಎಲ್ಲರೂ ನನ್ನನ್ನೇ ನೋಡಿದರು. ನಾನು ಎದ್ದು, ಥ್ಯಾಂಕ್ಯೂ ಹೇಳಿ ಇಳಿದು, ಮನೆವರೆಗೆ ಒಂದೂವರೆ ಮೈಲಿ ನಡೆದೆ. ಒಂದು ಮೈಲಿ ಅಂದರೆ 1.6 ಕಿಲೋಮೀಟರ್. ಹಾಗಾಗಿ ಇಳಿಯುವ ಜಾಗ ಬಂದಾಗ ಮಾತ್ರ ಎಳೆಯಿರಿ, ಒಂದೇ ಸಲ.